ಕೊಂಡಿ ಹಾಕುವ ಕೈ

ಮಗ್ಗದ ಮೇಲೆ ಎರಡು ಹಾಸುಗಳು ಎದುರುಬದುರಾಗಿದ್ದವು. ಈಚೆಗೆ ಸೀರೆಯ ಮೈಗೆಂದು ಹೂಡಿದ ದಾಳಿಂಬೆ ಬಣ್ಣದ ಹತ್ತಿಯ ಎಳೆಗಳು. ಆಚೆಗೆ ಸೆರಗಿಗೆಂದು ಕೆಂಪು ರೇಷ್ಮೆಯ ಎಳೆಗಳು. ನಡುವೆ ಒಂದು ಗೇಣು ಬಯಲು. ಬೆಳಕಿಂಡಿಯಿಂದ ಇಳಿದ ಬಿಸಿಲು ಆ ಬಯಲಿನಲ್ಲಿ ಬಂದು ನಿಂತಿತ್ತು.

ಸೀರೆಯ ಮೈಗೆ ಸೆರಗನ್ನು ಬೆಸೆಯಲು ಎಳೆಗೆ ಎಳೆ ಕೊಂಡಿ ಹಾಕಬೇಕು. ಅದಕ್ಕೆ ಇಬ್ಬರು ಬೇಕು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಇಳಕಲ್ಲಿನ ಆ ಮನೆಯಲ್ಲಿ ಆರು ವರ್ಷದಿಂದ ಶಿವಗಂಗಾಳ ಎದುರಿಗೆ ಕೂರುತ್ತಿದ್ದವನು ಅವಳ ಗಂಡ ಸೋಮಲಿಂಗ. ಇಂದು ಅವನು ವಿಭೂತಿ ಧರಿಸಿ, ಜಪಮಾಲೆ ಹಿಡಿದು ದೂರ ನಿಂತಿದ್ದ. ಅವನ ಜಾಗಕ್ಕೆ ನೆರೆಮನೆಯ ಮುದುಕ ಹನಮಪ್ಪನನ್ನು ಕರೆತಂದು ಕೂರಿಸಿದ್ದ.

“ಲೇ ಸೋಮ್ಯಾ, ನನ್ನ ಕಣ್ಣಿಗೆ ಆನಿ ಬಂದರೂ ಎಮ್ಮಿ ಕಂಡಂಗ ಕಾಣತೈತಿ. ಎಳಿ ಎಲ್ಲಿ ಕಾಣಬೇಕು? ನೀನ ಕುಂದರು.”

“ವ್ರತ ಐತಿ ಕಾಕಾ. ಹೆಣ್ಣಿನ ಕೈ ತಾಗಬಾರದು. ಮನಸ್ಸು ಮಂಗ್ಯಾ ಇದ್ದಂಗ, ಕಟ್ಟಿ ಹಾಕಬೇಕು ಅಂತ ಪ್ರವಚನದಾಗ ಹೇಳ್ಯಾರ.”

“ಹೇಂತಿ ಕೈನೂ ಹೆಣ್ಣಿನ ಕೈ ಏನಲೇ? ಅದು ಮನಿ ಕೈ.”

ವ್ರತ ನಲವತ್ತೆಂಟು ದಿನವೆಂದು ಸೋಮಲಿಂಗ ಮೊದಲು ಹೇಳಿದ್ದ. ಮುಗಿದ ಮೇಲೆ ಮತ್ತೆ ನಲವತ್ತೆಂಟು. ಅಷ್ಟು ದಿನವೂ ಕೊಂಡಿಯ ಕೆಲಸವನ್ನು ಮುಂದೂಡಿದ್ದ. ನಿನ್ನೆ ಗುಡಿಯಲ್ಲಿ ಮೂರನೆಯ ಸಲ ಸಂಕಲ್ಪ ಮಾಡಿ ಬಂದಿದ್ದ.

“ಕಾಕಾ, ಏಳ್ರಿ,” ಎಂದಳು ಶಿವಗಂಗಾ. “ಇವತ್ತ ಅವರ ಕುಂದರಬೇಕು. ಇಲ್ಲಂದ್ರ ನಾ ಗುಳೇದಗುಡ್ಡಕ್ಕ ತವರಮನಿಗೆ ಹೋಗ್ತೇನಿ. ತಿರುಗಿ ಬರಂಗಿಲ್ಲ.” ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಹನಮಪ್ಪನನ್ನು ಹೆದರಿಸಿತು, ಮುದುಕ ಎದ್ದ.

ಸೋಮಲಿಂಗ ಕುಳಿತ. ಮೂರು ಕೊಂಡಿ ಬಿದ್ದವು. ನಾಲ್ಕನೆಯದಕ್ಕೆ ಅವಳ ಬೆರಳು ಅವನ ಬೆರಳಿನ ಮೇಲೆ ತುಸು ಹೊತ್ತು ಉಳಿಯಿತು. ಅವನು ಕೈ ತೆಗೆಯಲಿಲ್ಲ. ಇಷ್ಟು ದಿನ ಬಿಗಿದಿಟ್ಟಿದ್ದ ಮೈ ಆ ಒಂದು ಬೆರಳಿಗೆ ಸಡಿಲವಾಯಿತು. ಅವಳು ತಲೆಯೆತ್ತಿ ನೋಡಿದಳು, ಮದುವೆಯ ಹೊಸತರಲ್ಲಿ ನೋಡುತ್ತಿದ್ದಂತೆ.

ಕೆಂಡ ತುಳಿದವನಂತೆ ಅವನೆದ್ದ. ಬಚ್ಚಲಿಗೆ ಹೋಗಿ ಕೊಡಗಟ್ಟಲೆ ನೀರು ಸುರಿದುಕೊಂಡ. ಒದ್ದೆ ಧೋತರದಲ್ಲೇ ಬಂದು, ಗೋಡೆಗೆ ಬೆನ್ನು ಕೊಟ್ಟು ಕುಳಿತು ಕಣ್ಣು ಮುಚ್ಚಿ “ಓಂ ನಮಃ ಶಿವಾಯ” ಎನ್ನತೊಡಗಿದ.

“ನನ್ನ ಮುಟ್ಟಿದ್ದಕ್ಕ ಜಳಕಾ ಮಾಡಿದ್ರೇನು?”

ಜಪದ ದನಿ ಏರಿತು.

“ಸತ್ತವರ ಮನಿಗೆ ಹೋಗಿ ಬಂದ್ರ ಜಳಕಾ ಮಾಡ್ತಾರ್ರಿ. ನಾ ಇನ್ನೂ ಜೀವಂತ ಅದೇನಿ.”

ಅವಳು ಒಳಗೆ ಹೋಗಿ ಕೈಚೀಲ ತಂದಳು. ಹನಮಪ್ಪ ಅವನ ಹೆಗಲು ಹಿಡಿದು ಅಲುಗಾಡಿಸಿದ. “ಲೇ ಹುಚ್ಚಾ, ಕಣ್ಣ ತೆಗಿಯೋ! ಹೊಂಟ್ಲು ನೋಡೋ!”

ಸೋಮಲಿಂಗ ಕಣ್ಣು ತೆರೆಯಲಿಲ್ಲ. ಮನಸ್ಸು ಹಿಡಿತಕ್ಕೆ ಸಿಕ್ಕ ಹಿಗ್ಗು ಅವನ ಮುಖದ ಮೇಲೆ ಮೆಲ್ಲನೆ ಹರಡುತ್ತಿತ್ತು. ಶಿವಗಂಗಾ ಹೊಸ್ತಿಲಲ್ಲಿ ನಿಂತು ಅದನ್ನೂ ನೋಡಿದಳು. ಬಳಿಕ, ಅವನ ಜಪಕ್ಕೆ ಭಂಗ ಬಾರದಂತೆ, ಸದ್ದಾಗದ ಹಾಗೆ ಬಾಗಿಲನ್ನು ತನ್ನ ಹಿಂದೆ ಎಳೆದುಕೊಂಡಳು.