ಕ್ಷಿಪಣಿಗೆ ಬಿಟ್ಟ ಜಾಗ

“ಆ ಟಾರ್ಪಾಲಿನ ಕೆಳಗೆ ಏನಿದೆ?” ಎಂದು ಭಾವ ಮೂರನೆಯ ಸಲ ಕೇಳಿದಾಗಲೂ ಭಾಮೈದ ಕೇಳಿಸದವನಂತೆ ಸಮುದ್ರದ ಕಡೆ ನೋಡಿದ.

ಭಾವ ಸರಕು ಹಡಗಿನ ಕ್ಯಾಪ್ಟನ್. ಭಾಮೈದ, ಅಂದರೆ ಅವನ ಹೆಂಡತಿಯ ತಮ್ಮ, ಈ ಪುಟ್ಟ ಯುದ್ಧನೌಕೆಯ ಕಮಾಂಡರ್. ಮಧ್ಯಾಹ್ನ ಗೋಧಿ ತುಂಬಿದ ಎರಡು ಹಡಗುಗಳು ಜಲಸಂಧಿ ದಾಟಬೇಕು. ಆಚೆ ದಡದಿಂದ ಯಾವಾಗ ಏನು ಹಾರಿ ಬರುತ್ತದೋ ಹೇಳುವಂತಿಲ್ಲ, ಅದಕ್ಕೇ ಈ ನೌಕೆ ಬೆಂಗಾವಲಿಗೆ ಬಂದಿತ್ತು. ಎರಡನೆಯ ಹಡಗಿನ ಮೀಸೆ ಕ್ಯಾಪ್ಟನ್ ಬೆಳಿಗ್ಗೆಯೇ ಖಡಾಖಂಡಿತವಾಗಿ ಹೇಳಿದ್ದರು: “ನಿಮ್ಮ ಮನೆ ಹುಡುಗನೇ ಅಲ್ವಾ, ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ. ಕಾಪಾಡೋಕೆ ಏನಿದೆ ಅಂತ ಗೊತ್ತಾದ ಮೇಲೇ ನಾನು ಲಂಗರು ಎತ್ತೋದು.” ಮೊಣಕಾಲು ನೋವಿನಿಂದ ಏಣಿ ಹತ್ತಲಾರದೆ ಅವರು ಕೆಳಗೆ ದೋಣಿಯಲ್ಲೇ ಕಾಯುತ್ತಿದ್ದರು. ಎರಡು ಹಡಗಿನ ಜನರ ಜೀವ ಭಾವನ ಒಂದು ಮಾತಿನ ಮೇಲೆ ನಿಂತಿತ್ತು.

ಹಾಗಾಗಿ ಅವನು ಬಾಡಿಗೆ ಮನೆ ನೋಡಲು ಬಂದವರ ಹಾಗೆ ಎಲ್ಲವನ್ನೂ ತಟ್ಟಿ ತಟ್ಟಿ ನೋಡಿದ್ದ. ಮುಂಭಾಗದ ತೋಪು ಕಂಡು ಖುಷಿಯಾಗಿತ್ತು. ದೋಣಿಗಳಲ್ಲಿ ನುಗ್ಗಿ ಬರುವವರಿಗೆ ಅದು ಧಾರಾಳವಾಯಿತು. ಎರಡೂ ಪಕ್ಕದ ಮೆಷಿನ್ ಗನ್ನುಗಳು ಡ್ರೋನುಗಳನ್ನು ನೋಡಿಕೊಳ್ಳುತ್ತವಂತೆ. “ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಅಂತಾರಲ್ಲ, ಹಾಗಿದೆ ನಿನ್ನ ಹಡಗು,” ಎಂದು ಭಾಮೈದನ ಬೆನ್ನನ್ನೂ ತಟ್ಟಿದ್ದ. ಆದರೆ ದೂರದಿಂದ ಕ್ಷಿಪಣಿ ಬಂದರೆ ಅದನ್ನು ಆಕಾಶದಲ್ಲೇ ಹೊಡೆಯಲು ಏನಿದೆ ಎಂದು ಕೇಳಿದಾಗ, ಭಾಮೈದ ಹಿಂಭಾಗದಲ್ಲಿ ಟಾರ್ಪಾಲು ಹೊದ್ದು ನಿಂತ, ಕೋಣೆಯಷ್ಟು ದೊಡ್ಡ ಆಕಾರದ ಕಡೆ ಕೈ ತೋರಿಸಿದ್ದ, ಅಷ್ಟೆ.

ಮುಚ್ಚಿಟ್ಟ ಪಾತ್ರೆ ಕಂಡರೆ ಮುಚ್ಚಳ ಎತ್ತದೆ ಬಿಡುವ ಗಂಡಸಲ್ಲ ಇವನು ಎಂದು ಹೆಂಡತಿ ಆಡಿಕೊಳ್ಳುವುದು ಸುಮ್ಮನೆ ಅಲ್ಲ. ಭಾವ ಹಗ್ಗ ಸಡಿಲಿಸಿ ಒಳಗೆ ತಲೆ ತೂರಿಸಿಯೇಬಿಟ್ಟ.

ಒಳಗೆ ಬರೀ ಕಬ್ಬಿಣದ ಚೌಕಟ್ಟು. ನೆಲದಲ್ಲಿದ್ದ ಬೋಲ್ಟಿನ ತೂತುಗಳಿಗೆ ಗ್ರೀಸು ಮೆತ್ತಿ ಅಚ್ಚುಕಟ್ಟಾಗಿ ಮುಚ್ಚಿದ್ದರು. ಮೂಲೆಯಲ್ಲಿ ಆಲೂಗಡ್ಡೆ ಮೂಟೆಗಳು. ಚೌಕಟ್ಟಿಗೆ ಕಟ್ಟಿದ ದಾರದ ಮೇಲೆ ಯಾರದೋ ಕಾಲುಚೀಲಗಳು ಒಣಗುತ್ತಿದ್ದವು.

“ಕ್ಷಿಪಣಿ ಎಲ್ಲಪ್ಪಾ?”

“ಜಾಗ ಬಿಟ್ಟಿದ್ದಾರೆ ಭಾವ. ಸಣ್ಣ ಹಡಗುಗಳಿಗೆ ಹೀಗೇ ಮಾಡೋದು. ಮೊದಲು ಹಡಗು ಕಟ್ಟಿ ನೀರಿಗೆ ಬಿಡೋದು, ಬೇಕಾದಾಗ ತಂದು ಕೂರಿಸೋದು.”

“ಬೇಕಾಗೋದು ಯಾವಾಗ?”

“ಯುದ್ಧ ಗಿದ್ಧ ಬಂದ್ರೆ.”

“ಮತ್ತೆ ಇವತ್ತು ಮಧ್ಯಾಹ್ನ ನಾವು ಹೋಗ್ತಿರೋದು ಎಲ್ಲಿಗೆ, ಪಿಕ್ನಿಕ್ಕಿಗಾ?”

“ಮೇಲಿನವರನ್ನ ಕೇಳ್ದೆ. ಕೂರಿಸೋಕೆ ಆರು ತಿಂಗಳಾದ್ರೂ ಬೇಕಂತೆ.”

“ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಕೇಳಿದ್ದೆ. ನಿಮ್ಮೋರು ಶಸ್ತ್ರ ಹುಡುಕೋಕೆ ಹೊರಡೋದೇ ಆವಾಗ ಅನ್ನು.” ತಮಾಷೆ ಮಾಡಿದನೇ ಹೊರತು ಭಾವನಿಗೆ ನಗು ಬರಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. “ಈ ಟಾರ್ಪಾಲು ಯಾಕೆ ಹಾಗಾದ್ರೆ?”

“ದೂರದಿಂದ ನೋಡೋರಿಗೆ ಏನೋ ಇದೆ ಅನ್ನಿಸಲಿ ಅಂತ.”

“ಅನ್ನಿಸದೇ ಹೋದ್ರೆ? ಹೊಡೆದೇಬಿಟ್ರೆ ಏನು ಮಾಡ್ತೀಯ?”

ಭಾಮೈದ ಬಗ್ಗಿ, ಭಾವ ಸಡಿಲಿಸಿದ್ದ ಹಗ್ಗವನ್ನು ಎಳೆದು ಗಂಟು ಹಾಕಿದ. “ನನ್ನ ಹಡಗನ್ನ ನಿಮ್ಮ ಹಡಗಿಗೆ ಅಡ್ಡ ತರ್ತೀನಿ. ಅಕ್ಕನಿಗೆ ಮಾತ್ರ ಹೇಳ್ಬೇಡಿ.” ಇವತ್ತು ಊಟಕ್ಕೆ ಬರುವುದು ತಡವಾಗುತ್ತದೆ ಎನ್ನುವಷ್ಟು ಸಲೀಸಾಗಿ ಹೇಳಿದ.

ಏಣಿ ಇಳಿದು ದೋಣಿಯಲ್ಲಿ ಕೂತವನನ್ನು ಮೀಸೆ ಕ್ಯಾಪ್ಟನ್ ಕೆಕ್ಕರಿಸಿ ನೋಡಿದರು. ಎಲ್ಲಾ ಚೆನ್ನಾಗಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಭಾಮೈದನ ಮಾನ ಉಳಿಯುತ್ತಿತ್ತು, ಗೋಧಿಯೂ ಹೊರಡುತ್ತಿತ್ತು. ಆ ಸುಳ್ಳಿಗೆ ಭಾವನ ನಾಲಿಗೆ ಏಳಲಿಲ್ಲ. ಕಂಡದ್ದನ್ನು ಕಂಡ ಹಾಗೇ ಹೇಳಿದ. ಖಾಲಿ ಚೌಕಟ್ಟು, ಆಲೂಗಡ್ಡೆ, ಆರು ತಿಂಗಳು, ಕೊನೆಗೆ ಹಡಗನ್ನೇ ಅಡ್ಡ ತರುವ ಮಾತು.

ಮೀಸೆ ಕ್ಯಾಪ್ಟನ್ ಹಿಂದಿರುಗಿ ಯುದ್ಧನೌಕೆಯ ಟಾರ್ಪಾಲನ್ನು ನೋಡಿದರು. ದೋಣಿ ಅವರ ಹಡಗಿನ ಹತ್ತಿರ ಬಂದಿತ್ತು.

“ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ಆ ಹೊತ್ತು ಬಂದಾಗ ನಿಜವಾಗ್ಲೂ ಅಡ್ಡ ತರ್ತಾನಾ?”

“ತರ್ತಾನೆ,” ಎಂದ ಭಾವ. “ನನಗೆ ಭಯ ಆಗ್ತಿರೋದೇ ಅದಕ್ಕೆ.”