ಹಿಡಿದಿಟ್ಟ ಸೀಟು

ಎಂ.ಎ. ಇತಿಹಾಸದ ವೇಟಿಂಗ್ ಲಿಸ್ಟಿನಲ್ಲಿ ಮೊದಲ ಹೆಸರು ಮಗಳದು. ಕಾಲೇಜಿಗೆ ಮತ್ತೊಮ್ಮೆ ಫೋನ್ ಮಾಡಿದವಳು ಮೊಬೈಲನ್ನು ಸೋಫಾದ ಮೇಲೆ ಎಸೆದಳು.

"ಸೀಟು ಸಿಕ್ಕಿರೋರು ಒಬ್ರು ಇನ್ನೂ ಯೋಚನೆ ಮಾಡ್ತಿದಾರಂತೆ ಕಣಮ್ಮಾ! ಇವತ್ತೇ ಕೊನೇ ದಿನ. ಸೇರೋದೂ ಇಲ್ಲ, ಬಿಡೋದೂ ಇಲ್ಲ."

"ಅವರಿಗೂ ಏನು ತಾಪತ್ರಯವೋ," ಎಂದಳು ಅಮ್ಮ, ಒಲೆಯ ಮೇಲೆ ಹಾಲಿಡುತ್ತಾ. "ಮನೇಲಿ ಯಾರ್ಯಾರನ್ನ ಕೇಳ್ಬೇಕೋ."

"ಪರೀಕ್ಷೆ ಬರೆಯೋವಾಗ ಕೇಳಿದ್ರಾ? ಆವತ್ತು ನೀನೂ ನನ್ ಜೊತೆ ಬಂದಿದ್ಯಲ್ಲ, ಎಷ್ಟು ಜನ ಬರೆದ್ರು ನೋಡಿದೀಯ. ನಿಜವಾಗ್ಲೂ ಓದೋ ಆಸೆ ಇರೋರು ಯಾರನ್ನೂ ಕೇಳ್ದೆ ಹೋಗಿ ಸೇರ್ತಾರೆ. ಇವರು ತಾವೂ ತಿನ್ನಲ್ಲ, ಬೇರೆಯವರಿಗೂ ಬಿಡಲ್ಲ!"

"ಅವರು ಸೇರಿಬಿಟ್ರೆ ನಿನ್ನ ಗತಿ?"

"ಸೇರ್ಲಿ! ನಂಗೆ ಧಾರವಾಡದಲ್ಲಿ ಸಿಕ್ಕಿದೆಯಲ್ಲ, ಅಲ್ಲಿಗೇ ಹೋಗ್ತೀನಿ. ಏನೋ ಒಂದು ತೀರ್ಮಾನ ಮಾಡಿ ಸಾಯ್ಲಿ, ಅಷ್ಟೆ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿದಳು.

"ಹಾಲು ಉಕ್ಕುತ್ತೆ, ನೋಡ್ಕೋ," ಎಂದಳು. "ನಾನು ಸೇರ್ಕೊಂಡು ಬರ್ತೀನಿ."