ಬಾಗಿಲ ಹಿಂದಿನ ಹಾಡು

ರೇಡಿಯೊದಲ್ಲಿ ಹಾಡು ಶುರುವಾದದ್ದೇ ತಡ, ಗಡಿಯಾರ ರಿಪೇರಿಯವನ ಹೆಂಡತಿ ಸೋಫಾದಿಂದೆದ್ದು ಅಡುಗೆಮನೆಗೆ ಹೋದಳು. ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಬಾಗಿಲ ಹಿಂದೆ ಗೋಡೆಗೆ ಒರಗಿ ನಿಂತಳು.

"ಮತ್ತೆ ಅಲ್ಲೇ ಹೋಗಿ ನಿಂತ್ಯಲ್ಲೇ! ಈಗ ಯಾರಿದ್ದಾರೆ ಬೇಡ ಅನ್ನೋಕೆ?" ಎಂದು ಗಂಡ ರೇಗಿದ. ರೇಡಿಯೊ ಮನೆಗೆ ಬಂದ ಕಾಲದಲ್ಲಿ ನಡುಮನೆ ತುಂಬ ಅವನ ಗೆಳೆಯರೇ. ಹೆಂಗಸರು ಅಲ್ಲಿ ಬಂದು ಕೂತರೆ ಅವನ ಅಪ್ಪನ ಕಣ್ಣು ಕೆಂಪಾಗುತ್ತಿತ್ತು. ಈಗ ಅಪ್ಪನೂ ಇಲ್ಲ, ಗೆಳೆಯರೂ ಇಲ್ಲ.

"ಇಲ್ಲಿಂದ ಕೇಳಿದ್ರೇನೇ ನಂಗೆ ಹಾಡು ಹಾಡಿನ ಥರ ಇರೋದು," ಎಂದಳು.

ಅದೇನು ಮಹಾ ಎಂದು ಅವನೂ ಎದ್ದು ಹೋಗಿ ಅವಳ ಪಕ್ಕ ನಿಂತ. ಗಡಿಯಾರದ ಸದ್ದಿನಲ್ಲೇ ಅದರ ಕಾಯಿಲೆ ಹಿಡಿಯುವ ಕಿವಿ ಅವನದು. ರಾಗ ಕೇಳಿಸಿತು, ತಾಳ ಕೇಳಿಸಿತು. ಗೋಡೆ ದಾಟಿ ಬರುವಷ್ಟರಲ್ಲಿ ಮಾತೆಲ್ಲ ಕಲಸಿಹೋಗಿತ್ತು.

"ಪದಾನೇ ಕೇಳ್ಸಲ್ವಲ್ಲೇ ಇಲ್ಲಿ!"

"ಪದ ನಾನೇ ಹಾಕ್ಕೋತಿದ್ದೆ."

ಅವನು ಅವಳ ಕಡೆ ತಿರುಗಿ ಕೇಳಿದ: "ಏನಂತ?"

ಅವಳು ನಕ್ಕು, ನಲ್ಲಿಯನ್ನು ಪೂರ್ತಿ ಬಿಟ್ಟು ಪಾತ್ರೆಗೆ ಕೈಹಾಕಿದಳು. ನೀರಿನ ಸದ್ದಿನಲ್ಲಿ ಅವಳ ತುಟಿ ಅಲುಗುವುದು ಮಾತ್ರ ಅವನಿಗೆ ಕಂಡಿತು.